ಹೊರದೇಶದಲ್ಲಿದ್ದೇನೆ, ಊರಲ್ಲಿ ಯಾವ ಬ್ಯಾಂಕ್ ಇಟ್ಟುಕೊಳ್ಳಲಿ?

ಪ್ರಶ್ನೆ (ಊರು ಪಾಂಡವಪುರ, ಈಗ ಮ್ಯೂನಿಕ್): ಸರ್, ನಮಸ್ಕಾರ. ನಾನು ಜರ್ಮನಿಗೆ ಕೆಲಸಕ್ಕೆ ಬಂದು ಏಳು ತಿಂಗಳಾಯಿತು. ಅಪ್ಪ ಅಮ್ಮ ಊರಲ್ಲೇ ಇದ್ದಾರೆ. ಮೈಸೂರಿನಲ್ಲಿ ಓದುವಾಗ ತೆರೆದ ಒಂದು ಉಳಿತಾಯ ಖಾತೆ ಇದೆ. ಹೋದ ತಿಂಗಳು ಫೋನ್ ಬದಲಾಯಿಸಿದೆ. ಆವತ್ತಿನಿಂದ ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ, ಒಟಿಪಿ ಬರುತ್ತಿಲ್ಲ. ಶಾಖೆಗೆ ಫೋನ್ ಮಾಡಿದರೆ "ಒಂದ್ಸಲ ಬಂದು ಹೋಗಿ" ಅನ್ನುತ್ತಾರೆ. ಇಲ್ಲಿಂದ ಹೇಗೆ ಬರಲಿ? ಎಲ್ಲವೂ ಆನ್‌ಲೈನ್‌ನಲ್ಲೇ ಆಗುವ ಒಂದು ಬ್ಯಾಂಕ್ ಹೇಳಿ, ಅಲ್ಲಿಗೇ ಹೋಗಿಬಿಡುತ್ತೇನೆ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು): ನಮಸ್ಕಾರ. ಬ್ಯಾಂಕ್ ಬದಲಾಯಿಸುವ ಮಾತು ಆಮೇಲೆ. ಮೊದಲು ನಿಮ್ಮ ಭಾರತದ ಸಿಮ್ ಜೀವಂತ ಇದೆಯಾ ನೋಡಿ. ಕೊನೆಯ ರೀಚಾರ್ಜ್ ಯಾವಾಗ ಮಾಡಿದ್ದೀರಿ? 90 ದಿನ ಬಳಕೆಯೇ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಸ್ವಲ್ಪ ಕಾಲದ ನಂತರ ಅದೇ ನಂಬರ್ ಬೇರೆಯವರ ಕೈಗೆ ಹೋಗುತ್ತದೆ. ಆಮೇಲೆ ನಿಮ್ಮ ಬ್ಯಾಂಕಿನ ಮೆಸೇಜ್ ಗುರುತೇ ಇಲ್ಲದವರ ಫೋನಿಗೆ ಹೋಗುತ್ತದೆ. ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ಇವತ್ತೇ ಅಪ್ಪನ ಕೈಲಿ ರೀಚಾರ್ಜ್ ಮಾಡಿಸಿ.

ನಂಬರ್ ನಡೆಯುತ್ತಿದ್ದರೆ ಆ್ಯಪ್ ಯಾಕೆ ತೆರೆಯುತ್ತಿಲ್ಲ? ಹೊಸ ಫೋನಿಗೆ ಹಾಕಿದಾಗ ಬ್ಯಾಂಕ್ ಆ್ಯಪ್ ನಿಮ್ಮ ಸಿಮ್‌ನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸುತ್ತದೆ. ಆ ನಂಬರ್ ನಿಜವಾಗಿಯೂ ಈ ಫೋನಿನಲ್ಲಿದೆಯಾ ಅಂತ ಬ್ಯಾಂಕ್ ಪರೀಕ್ಷೆ ಮಾಡುವ ರೀತಿ ಅದು. ಹೊರದೇಶದಲ್ಲಿ ರೋಮಿಂಗ್ ಇಲ್ಲದೆ ಆ ಮೆಸೇಜ್ ಹೊರಗೆ ಹೋಗುವುದೇ ಇಲ್ಲ. ಒಟಿಪಿ ಒಳಗೆ ಬರುವುದು ಒಂದು ವಿಷಯ, ಈ ಎಸ್‌ಎಂಎಸ್ ಹೊರಗೆ ಹೋಗುವುದು ಇನ್ನೊಂದು. ಎರಡೂ ಬೇಕು. ಒಂದು ಸಣ್ಣ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿ. ಭಾರತದ ಸಿಮ್ ಹೊಸ ಫೋನಿನಲ್ಲೇ ಇರಲಿ, ಮೆಸೇಜ್ ಅದರಿಂದಲೇ ಹೋಗುವ ಹಾಗೆ ಸೆಟ್ಟಿಂಗ್ ಇರಲಿ. ಆಮೇಲೆ ಆ್ಯಪ್ ಮತ್ತೆ ನೋಂದಾಯಿಸಿ. ಅರ್ಧಕ್ಕರ್ಧ ಜನರ ತೊಂದರೆ ಇಷ್ಟರಲ್ಲೇ ಮುಗಿಯುವುದನ್ನು ನೋಡಿದ್ದೇನೆ.

ಈಗ ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ 1999ರ ಫೆಮಾ ಕಾಯ್ದೆಯ ಪ್ರಕಾರ ಅದನ್ನು ಎನ್‌ಆರ್‌ಒ ಖಾತೆಯಾಗಿ (ಹೊರದೇಶದಲ್ಲಿರುವವರ ಊರಿನ ಆದಾಯಕ್ಕೆ ಇರುವ ಖಾತೆ) ಬದಲಾಯಿಸಬೇಕು. ಓದಲು ಹೋದ ಮಕ್ಕಳಿಗೂ ಇದೇ ನಿಯಮ. ಸುಮ್ನೆ ಬಿಟ್ಟರೆ ಏನಾಗುತ್ತೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮುಂದೆ ಮನೆ ಸಾಲಕ್ಕೋ, ಹಣ ಹೊರಗೆ ಕಳಿಸಲಿಕ್ಕೋ ಹೋದಾಗ ಇದೇ ವಿಷಯ ಅಡ್ಡ ಬರುತ್ತದೆ.

ಖಾತೆ ಬದಲಾವಣೆಗೆ ಬ್ಯಾಂಕಿನ ಅರ್ಜಿ, ಪಾಸ್‌ಪೋರ್ಟ್, ಜರ್ಮನಿಯ ವಾಸದ ಪರವಾನಗಿ, ಅಲ್ಲಿನ ವಿಳಾಸದ ಪುರಾವೆ, ಪ್ಯಾನ್ ಪ್ರತಿ ಬೇಕು. ಪ್ರತಿಗಳಿಗೆ ದೃಢೀಕರಣ ಬೇಕು. ಮ್ಯೂನಿಕ್‌ನಲ್ಲೇ ಭಾರತದ ಕಾನ್ಸುಲೇಟ್ ಇದೆ, ಇಲ್ಲದಿದ್ದರೆ ಅಲ್ಲಿನ ನೋಟರಿಯಿಂದ ಮಾಡಿಸಬಹುದು. ಕೊರಿಯರ್ ಮಾಡಿ. ಅದೇ ಅರ್ಜಿಯಲ್ಲಿ ಜರ್ಮನಿಯ ಮೊಬೈಲ್ ನಂಬರ್ ಮತ್ತು ಇಮೇಲ್ ಎರಡನ್ನೂ ಸೇರಿಸಲು ಕೇಳಿ. "ಬಂದು ಹೋಗಿ" ಅಂದವರಿಗೆ ಒಂದು ಇಮೇಲ್ ಬರೆದು, "ಅಂಚೆಯಲ್ಲಿ ಕಳಿಸಿದರೆ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿ. ಫೋನಿನಲ್ಲಿ ಹೇಳಿದ ಮಾತಿಗೆ ದಾಖಲೆ ಇರುವುದಿಲ್ಲ. ಬರಹದಲ್ಲಿ ಕೇಳಿದರೆ ಉತ್ತರವೂ ಸ್ವಲ್ಪ ಎಚ್ಚರದಿಂದ ಬರುತ್ತದೆ.

ಅದೇ ಪ್ರಶ್ನೆಗಾರರು: ಸಿಮ್ ಉಳಿದಿದೆ ಸರ್, ಸದ್ಯ! ಅಪ್ಪ ರೀಚಾರ್ಜ್ ಮಾಡಿಸಿದರು. ಆದರೂ ಹೊಸ ಖಾತೆ ತೆರೆಯುವುದಾದರೆ ಯಾವುದು? ಖಾಸಗಿಯದಾ, ಸರ್ಕಾರಿಯದಾ?

ಉತ್ತರ: ನನ್ನ ಅಭಿಪ್ರಾಯ ಹೇಳುತ್ತೇನೆ. ಒಂದಲ್ಲ, ಎರಡು ಖಾತೆ ಇಟ್ಟುಕೊಳ್ಳಿ.

ಒಂದು ಎನ್‌ಆರ್‌ಇ. ನಿಮ್ಮ ಸಂಬಳದ ಹಣ ಜರ್ಮನಿಯಿಂದ ಬರುವುದು ಇದಕ್ಕೆ. ಇದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಅಸಲು, ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಹೊರಗೆ ಕಳಿಸಬಹುದು. ಈ ಖಾತೆಗೆ ಶಾಖೆ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ. ಆ್ಯಪ್ ಚೆನ್ನಾಗಿರಬೇಕು, ವಿದೇಶಿ ನಂಬರಿಗೆ ಒಟಿಪಿ ಬರಬೇಕು. ಎಸ್‌ಬಿಐ, ಕೆನರಾ, ಬ್ಯಾಂಕ್ ಆಫ್ ಬರೋಡಾ ಇರಲಿ, ಎಚ್‌ಡಿಎಫ್‌ಸಿ, ಐಸಿಐಸಿಐ, ಆಕ್ಸಿಸ್ ಇರಲಿ, ಎಲ್ಲರಲ್ಲೂ ಈ ಖಾತೆ ಇದೆ.

ಇನ್ನೊಂದು ಎನ್‌ಆರ್‌ಒ. ಅದು ನಿಮ್ಮ ಹಳೆಯ ಖಾತೆಯೇ ಆಗಲಿ. ಊರಿನ ಬಾಡಿಗೆ, ಡಿವಿಡೆಂಡ್, ನಿಮ್ಮ ಹೆಸರಿನ ಜಮೀನಿನ ಕಬ್ಬಿನ ಹಣ ಇದಕ್ಕೆ ಬರಬೇಕು. ಆ ಬ್ಯಾಂಕಿಗೆ ಪಾಂಡವಪುರದಲ್ಲಿ ಶಾಖೆ ಇದ್ದರೆ ಖಾತೆಯನ್ನು ಅಲ್ಲಿಗೇ ವರ್ಗ ಮಾಡಿಸಿ. ಅಪ್ಪ ನಡೆದುಕೊಂಡು ಹೋಗಿ ಮಾತಾಡುವಷ್ಟು ಹತ್ತಿರದ ಶಾಖೆ ಇದ್ದರೆ ಅದರ ಬೆಲೆ ಯಾವ ಆ್ಯಪ್‌ಗೂ ಬರುವುದಿಲ್ಲ.

ನಾನು ಕೆಲಸದಲ್ಲಿದ್ದಾಗ ನಡೆದದ್ದು. ಕುವೆಂಪುನಗರದ ಒಬ್ಬ ತಾಯಿ ಬಂದರು. ಗಂಡ ಐಸಿಯುನಲ್ಲಿ. ಮಗನ ಖಾತೆಯಲ್ಲಿ ಲಕ್ಷಗಟ್ಟಲೆ ಹಣ, ಆದರೆ ಒಟಿಪಿ ಹೋಗುತ್ತಿದ್ದುದು ಅವನು ಎರಡು ವರ್ಷದ ಹಿಂದೆ ಬಿಟ್ಟ ನಂಬರಿಗೆ. ಮುಖ್ತಿಯಾರು ಪತ್ರ (ಪವರ್ ಆಫ್ ಅಟಾರ್ನಿ) ಇರಲಿಲ್ಲ, ಹಾಗಾಗಿ ತಾಯಿಯ ಸಹಿಗೆ ನಾವು ಹಣ ಕೊಡುವಂತಿರಲಿಲ್ಲ. ಆವತ್ತು ಆಸ್ಪತ್ರೆಗೆ ಕಟ್ಟಿದ್ದು ಪಕ್ಕದ ಮನೆಯವರು. ಮಗ ಫೋನಿನಲ್ಲಿ ಅತ್ತದ್ದು ನನಗೆ ಇನ್ನೂ ಕಿವಿಯಲ್ಲಿದೆ. ನಿಯಮದ ಪ್ರಕಾರ ನಾವು ಮಾಡಿದ್ದು ಸರಿ. ಆದರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಯಾರು ಕೇಳಿದರೂ ನಾನು ಬಡ್ಡಿ ದರಕ್ಕಿಂತ ಮೊದಲು ಇದನ್ನೇ ಕೇಳುತ್ತೇನೆ: ನಿಮ್ಮ ಫೋನ್ ಇವತ್ತು ಕಳೆದುಹೋದರೆ ನಾಳೆ ಅಮ್ಮನ ಕೈಗೆ ಹಣ ಹೇಗೆ ಸೇರುತ್ತದೆ?

ಇದಕ್ಕೆ ಸುಲಭದ ದಾರಿ, ಅಪ್ಪ ಅಮ್ಮನ ಸ್ವಂತ ಖಾತೆಗೆ ಮೊದಲೇ ಒಂದಷ್ಟು ಹಣ ಹಾಕಿಡುವುದು. ಮಕ್ಕಳು ಕೊಟ್ಟ ಹಣಕ್ಕೆ ತಂದೆ ತಾಯಿ ತೆರಿಗೆ ಕಟ್ಟಬೇಕಾಗಿಲ್ಲ. ನಿಮ್ಮ ಎಟಿಎಂ ಕಾರ್ಡ್ ಮತ್ತು ಪಿನ್ ಅಪ್ಪನ ಕೈಗೆ ಕೊಟ್ಟು ಹೋಗುವುದು ಬೇಡ. ಮನೆಮನೆಯಲ್ಲೂ ಇದೇ ನಡೆಯುತ್ತದೆ ಅಂತ ಗೊತ್ತು. ಆದರೆ ಪಿನ್ ಹಂಚಿಕೊಂಡಿದ್ದರಿಂದ ಮೋಸವಾದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗ್ರಾಹಕರದ್ದೇ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಅಪ್ಪನೇ ನಿಮ್ಮ ಖಾತೆ ನಡೆಸಬೇಕು ಅಂದರೆ ಬ್ಯಾಂಕಿನಲ್ಲಿ ಮುಖ್ತಿಯಾರು ಪತ್ರ ದಾಖಲು ಮಾಡಿಸಿ. ಎನ್‌ಆರ್‌ಇ ಖಾತೆಗೆ ಅಪ್ಪನ ಹೆಸರು ಜಂಟಿಯಾಗಿ ಸೇರಿಸಬಹುದು, ಆದರೆ ನೀವಿರುವ ತನಕ ಅವರು ಅದನ್ನು ಮುಖ್ತಿಯಾರರಾಗಿ ಮಾತ್ರ ನಡೆಸಬಹುದು. ಜಂಟಿ ಹೆಸರಿದೆ, ಅಷ್ಟು ಸಾಕು ಅಂತ ನೆಚ್ಚಿಕೊಂಡವರು ಜಾಸ್ತಿ.

ಹೊಸ ಬ್ಯಾಂಕಿಗೆ ಅರ್ಜಿ ಹಾಕುವ ಮುಂಚೆ ಅವರ ಎನ್‌ಆರ್‌ಐ ಸಹಾಯವಾಣಿಗೆ ಜರ್ಮನಿಯಿಂದಲೇ ಒಂದು ಕರೆ ಮಾಡಿ. ನಿಮ್ಮ ಹಗಲಿನಲ್ಲಿ ಯಾರಾದರೂ ಎತ್ತುತ್ತಾರಾ? ಜರ್ಮನಿ ನಂಬರಿಗೆ ಒಟಿಪಿ ಬರುತ್ತದಾ, ಇಲ್ಲದಿದ್ದರೆ ಇಮೇಲ್‌ಗೆ? ಕಾರ್ಡ್ ಕಳೆದರೆ ಹೊಸದನ್ನು ಜರ್ಮನಿ ವಿಳಾಸಕ್ಕೆ ಕಳಿಸುತ್ತಾರಾ? ವಿಳಾಸ ಬದಲಾಗದಿದ್ದಾಗ ಮರು ಕೆವೈಸಿಯನ್ನು (ಗುರುತು, ವಿಳಾಸವನ್ನು ಬ್ಯಾಂಕಿಗೆ ಮತ್ತೆ ಖಚಿತಪಡಿಸುವುದು) ಇಮೇಲ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಒಂದು ಘೋಷಣೆ ಕೊಟ್ಟು ಮುಗಿಸಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆ ಬ್ಯಾಂಕ್ ಅದನ್ನು ಮಾಡುತ್ತದಾ ಕೇಳಿ. ಖಾತೆ ತೆರೆಸಿಕೊಳ್ಳುವ ತನಕ ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ಕೆವೈಸಿ ದಿನಾಂಕ ದಾಟಿ ಖಾತೆ ನಿಂತಾಗ ಹೇಗೆ ಮಾತಾಡುತ್ತಾರೆ ಅನ್ನುವುದು ಮುಖ್ಯ. ಅದೇ ಬ್ಯಾಂಕ್ ಬಳಸುವ, ಅದೇ ದೇಶದಲ್ಲಿರುವ ಊರಿನವರನ್ನು ಕೇಳಿದರೆ ಸತ್ಯ ತಿಳಿಯುತ್ತದೆ.

ಖಾತೆಯಲ್ಲಿ ಇರಲೇಬೇಕಾದ ಕನಿಷ್ಠ ಮೊತ್ತವನ್ನೂ ನೋಡಿ. ಕೆಲವು ಖಾಸಗಿ ಬ್ಯಾಂಕ್‌ಗಳು ಎನ್‌ಆರ್‌ಐ ಖಾತೆಗೆ ದೊಡ್ಡ ಮೊತ್ತ ಕೇಳುತ್ತವೆ, ಅಷ್ಟು ಇಲ್ಲದಿದ್ದರೆ ದಂಡ ಹಾಕುತ್ತವೆ. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎನ್‌ಆರ್‌ಐ ಖಾತೆಯೂ ಸೇರಿ ಎಲ್ಲ ಉಳಿತಾಯ ಖಾತೆಗಳಿಗೆ ಈ ದಂಡ ತೆಗೆದಿದೆ.

ಪ್ರಶ್ನೆ (ಸರಸ್ವತಿಪುರಂ, ಮಗ ಅಮೆರಿಕದಲ್ಲಿ): ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಅಂದಿರಿ. ಹಾಗಾದರೆ ಮಗ ಉಳಿಸಿದ್ದನ್ನೆಲ್ಲ ಇಲ್ಲೇ ಎಫ್‌ಡಿ ಮಾಡಿಸಿದರೆ ಒಳ್ಳೆಯದು ಅಲ್ವಾ?

ಉತ್ತರ: ತೆರಿಗೆ ಇಲ್ಲದಿರುವುದು ಭಾರತದಲ್ಲಿ ಮಾತ್ರ ಅಮ್ಮ. ಅಮೆರಿಕ ತನ್ನ ನಿವಾಸಿಗಳ ಎಲ್ಲ ದೇಶದ ಆದಾಯಕ್ಕೂ ತೆರಿಗೆ ಹಾಕುತ್ತದೆ. ಈ ಬಡ್ಡಿಯನ್ನು ಮಗ ಅಲ್ಲಿ ತೋರಿಸಬೇಕು. ಅಮೆರಿಕದ ಹೊರಗಿನ ಅವನ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ವರದಿಯನ್ನೂ ಅಲ್ಲಿ ಸಲ್ಲಿಸಬೇಕು. ಅದನ್ನು ಬಿಟ್ಟರೆ ದಂಡ ಬಹಳ ದೊಡ್ಡದು. ನಿಮ್ಮ ಖಾತೆಗೆ ಅವನ ಹೆಸರು ಜಂಟಿಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಮರೆಯಬೇಡಿ.

ಎನ್‌ಆರ್‌ಇ ಎಫ್‌ಡಿಗೆ ಕಡಿಮೆ ಅಂದರೆ ಒಂದು ವರ್ಷ ಅವಧಿ. ಅದಕ್ಕೂ ಮುಂಚೆ ಮುರಿದರೆ ಬಡ್ಡಿ ಸಿಗುವುದಿಲ್ಲ. ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿ ತನಕ. ರೂಪಾಯಿ ಬೆಲೆ ಇಳಿಯುವ ಚಿಂತೆ ಇದ್ದರೆ ಎಫ್‌ಸಿಎನ್‌ಆರ್ ಠೇವಣಿ ಇದೆ. ಅದು ಡಾಲರ್‌ನಲ್ಲೇ ಇರುತ್ತದೆ, 1ರಿಂದ 5 ವರ್ಷದ ಅವಧಿಗೆ.

ಪ್ರಶ್ನೆ (ಊರು ಮಂಡ್ಯ, ದೋಹಾದಲ್ಲಿ ನರ್ಸ್): ಮಂಡ್ಯದಲ್ಲಿ ನನ್ನ ಹೆಸರಿನ ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆಯವರು ಯುಪಿಐನಲ್ಲಿ ಎನ್‌ಆರ್‌ಇ ಖಾತೆಗೇ ಹಾಕುತ್ತಾರೆ. ತಪ್ಪಾ? ಕತಾರ್ ನಂಬರ್‌ನಿಂದ ಯುಪಿಐ ನಡೆಯುತ್ತಾ?

ಉತ್ತರ: ಊರಿನ ಬಾಡಿಗೆ ಎನ್‌ಆರ್‌ಒಗೆ ಬರಲಿ. ಎನ್‌ಆರ್‌ಇಯಲ್ಲಿ ಹೊರದೇಶದ ದುಡಿಮೆ ಮಾತ್ರ ಇರಲಿ, ಲೆಕ್ಕ ಸ್ವಚ್ಛವಾಗಿರುತ್ತದೆ. ಇನ್ನೊಂದು ಮಾತು. ಎನ್‌ಆರ್‌ಐ ಮನೆಮಾಲೀಕರಿಗೆ ಬಾಡಿಗೆ ಕೊಡುವವರು ಶೇ. 30 ತೆರಿಗೆ ಮತ್ತು ಸೆಸ್, ಒಟ್ಟು ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಈ ನಿಯಮ ಇದೆ. ಮಂಡ್ಯದಲ್ಲಿ ಎಷ್ಟು ಬಾಡಿಗೆದಾರರಿಗೆ ಇದು ಗೊತ್ತು ಹೇಳಿ? ಪಾಪ, ನೋಟಿಸ್ ಅವರ ಹೆಸರಿಗೆ ಬರುತ್ತದೆ. ಒಬ್ಬ ಆಡಿಟರ್ ಹತ್ತಿರ ಇಬ್ಬರೂ ಒಟ್ಟಿಗೆ ಮಾತಾಡಿ. ಹೆಚ್ಚು ಹಿಡಿದ ತೆರಿಗೆಯನ್ನು ನೀವು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಎನ್‌ಆರ್‌ಒ ಹಣ ಕತಾರ್‌ಗೆ ಬೇಕಾದರೆ ತೆರಿಗೆ ಕಟ್ಟಿದ ಮೇಲೆ ಆಡಿಟರ್ ಪ್ರಮಾಣಪತ್ರದ ಜೊತೆ ಕಳಿಸಬಹುದು. ಮಿತಿ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್, ಅದು ನಮ್ಮ ನಿಮ್ಮಂಥವರಿಗೆ ಧಾರಾಳ.

ಯುಪಿಐ ನಡೆಯುತ್ತದೆ. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಮೊದಲು ಹತ್ತು ದೇಶಗಳ ನಂಬರಿಗೆ ಅವಕಾಶ ಕೊಟ್ಟಾಗ ಕತಾರ್ ಅದರಲ್ಲಿತ್ತು. ಆದರೆ ಆ ನಂಬರ್ ನಿಮ್ಮ ಖಾತೆಗೆ ಜೋಡಣೆ ಆಗಿರಬೇಕು, ನಿಮ್ಮ ಬ್ಯಾಂಕ್ ಮತ್ತು ಆ್ಯಪ್ ಎರಡೂ ಅದನ್ನು ಒಪ್ಪಬೇಕು. (ಮ್ಯೂನಿಕ್‌ನವರೇ, ಆ ಮೊದಲ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಹಾಗಾಗಿ ನಿಮ್ಮ ಭಾರತದ ಸಿಮ್ ಬಿಡಬೇಡಿ.)

ಪ್ರಶ್ನೆ (ಊರು ಕೆ.ಆರ್. ಪೇಟೆ, ಈಗ ಸಿಂಗಪುರ): ಮನೆಯಲ್ಲಿ ತೀರಿಹೋದ ಅಪ್ಪನ ಹಳೆಯ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಪಾಸ್‌ಬುಕ್ ಸಿಕ್ಕಿದೆ. ಬಹಳ ವರ್ಷದಿಂದ ಯಾರೂ ಮುಟ್ಟಿಲ್ಲ. ಹಣ ಹೋಯಿತಾ?

ಉತ್ತರ: ಹೋಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು. 1913ರಲ್ಲಿ ಮಹಾರಾಜರ ಕಾಲದಲ್ಲಿ ಹುಟ್ಟಿದ ಬ್ಯಾಂಕ್ ಅದು, ನಮ್ಮ ಕಡೆ ಎಷ್ಟೋ ಮನೆಗಳ ಮೊದಲ ಪಾಸ್‌ಬುಕ್ ಅದರದ್ದೇ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು. ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಅಪ್ಪನ ಹೆಸರು ಹಾಕಿ ಹುಡುಕಿ. ಆಮೇಲೆ ಪಾಸ್‌ಬುಕ್, ಮರಣ ಪ್ರಮಾಣಪತ್ರ ಹಿಡಿದು ಎಸ್‌ಬಿಐ ಶಾಖೆಗೆ ಹೋಗಲು ಮನೆಯವರಿಗೆ ಹೇಳಿ. ನಾಮಿನಿ ಹೆಸರಿದ್ದರೆ ಬೇಗ ಆಗುತ್ತದೆ.

ಎಲ್ಲರೂ ನಿಮ್ಮ ಖಾತೆಗೆ ನಾಮಿನಿ ಇದೆಯಾ ಇವತ್ತೇ ನೋಡಿಕೊಳ್ಳಿ. 2025ರ ನವೆಂಬರ್ 1ರಿಂದ ನಾಲ್ವರ ತನಕ ಹೆಸರು ಕೊಡಬಹುದು.

ಮೊದಲ ಪ್ರಶ್ನೆಗಾರರು (ಮ್ಯೂನಿಕ್): ಸರ್, ರೋಮಿಂಗ್ ಹಾಕಿದ ಮೇಲೆ ಆ್ಯಪ್ ತೆರೆಯಿತು! ಶಾಖೆಗೆ ಇಮೇಲ್ ಬರೆದೆ, ದಾಖಲೆ ಅಂಚೆಯಲ್ಲಿ ಕಳಿಸಿ ಅಂತ ಉತ್ತರ ಬಂತು. ಕಾನ್ಸುಲೇಟ್‌ಗೆ ಹೋಗಬೇಕು ಈಗ. ಒಂದು ವೇಳೆ ಅವರು ಆಮೇಲೆ ಸುಮ್ಮನಾದರೆ?

ಉತ್ತರ: ತುಂಬಾ ಸಂತೋಷ. ಕೊರಿಯರ್ ರಸೀದಿ ಇಟ್ಟುಕೊಳ್ಳಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ಕೇಳುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಖರ್ಚಿಲ್ಲ. ಕಾನ್ಸುಲೇಟ್‌ಗೆ ಹೋಗುವಾಗ ಮುಖ್ತಿಯಾರು ಪತ್ರವನ್ನೂ ಬರೆಸಿಕೊಂಡು ಹೋಗಿ, ಎರಡು ಕೆಲಸ ಒಂದೇ ದಿನ ಆಗುತ್ತದೆ. ಅದು ಪಾಂಡವಪುರ ತಲುಪಿದ ಮೇಲೆ ಅಪ್ಪನಿಗೆ ನನ್ನನ್ನು ಸಂಪರ್ಕಿಸಲು ಹೇಳಿ. ಮುದ್ರಾಂಕ ಶುಲ್ಕ ಕಟ್ಟಿಸುವುದಕ್ಕೆ, ಶಾಖೆಯಲ್ಲಿ ದಾಖಲು ಮಾಡಿಸುವುದಕ್ಕೆ ನಾನೇ ಜೊತೆಗೆ ಹೋಗಿ ಬರುತ್ತೇನೆ.