ಪಕ್ಕದಲ್ಲೇ ಪವರ್ ಪ್ಲಾಂಟ್, ಮಳೆ ಬಂದ್ರೆ ನಮಗೇ ಕರೆಂಟ್ ಇಲ್ಲ! ಇದು ಯಾವ ಲೆಕ್ಕ?

ಮುದರಂಗಡಿಯವ:
ಎಲ್ಲರಿಗೂ ನಮಸ್ಕಾರ. ಕರೆಂಟಿನ ವಿಷಯ ಗೊತ್ತಿರುವವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಟೆರೇಸಿಗೆ ಹತ್ತಿದರೆ ಎಲ್ಲೂರಿನ (ಉಡುಪಿ ಜಿಲ್ಲೆ) ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಗದ್ದೆಯ ಆಚೆ ಬದಿಯಲ್ಲಿ ದೊಡ್ಡ ಟವರ್ ಲೈನ್ ಹೋಗಿದೆ, ಮಳೆಗಾಲದಲ್ಲಿ ಅದರ ಹತ್ತಿರ ಹೋದರೆ ಚರಚರ ಅಂತ ಸದ್ದು ಬೇರೆ. ಇಷ್ಟೆಲ್ಲ ಇದ್ದೂ ಒಂದು ಗಾಳಿ ಬೀಸಿದರೆ ಸಾಕು, ನಮ್ಮಲ್ಲಿ ಕತ್ತಲೆ. ಮೊನ್ನೆ ರಾತ್ರಿ ಎರಡು ಸಲ ಹೋಗಿ ಬಂತು, ಆಮೇಲೆ ಹೋದದ್ದು ಬೆಳಿಗ್ಗೆವರೆಗೂ ಬರಲಿಲ್ಲ. ಪಂಪ್ ಇಲ್ಲ, ನೀರಿಲ್ಲ, ಮೊಬೈಲಲ್ಲಿ ಚಾರ್ಜ್ ಇಲ್ಲ. ಸಾವು ಮಾರಾಯ್ರೆ.

ನಮ್ಮ ಮಾವ ಹೇಳುವುದು, "ಹೊಗೆ ನಮಗೆ, ಕರೆಂಟ್ ಬೆಂಗಳೂರಿಗೆ" ಅಂತ. ಹಾಗೇನಾದರೂ ಉಂಟಾ? ಆ ಟವರ್ ಲೈನಿಂದಲೇ ನಮ್ಮೂರಿಗೆ ಒಂದು ಕನೆಕ್ಷನ್ ಎಳೆದರೆ ಎಂತ ಆಗುತ್ತದೆ? ಮತ್ತೆ ಇನ್ನೊಂದು, ಟೆರೇಸ್ ಮೇಲೆ ಸೋಲಾರ್ ಹಾಕಿಸಿದ್ದೇವೆ. ಒಳ್ಳೆ ಬಿಸಿಲಿದ್ದಾಗ ಲೈನ್ ಕರೆಂಟ್ ಹೋದರೂ ಸೋಲಾರ್ ಕೂಡ ಬಂದ್. ಅದು ಯಾಕೆ?

ಶಿಫ್ಟ್ ಆಪರೇಟರ್:
ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲು ಟವರ್ ಲೈನ್ ವಿಷಯ. ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಯುನಿಟ್ ಉಂಟು, ಒಟ್ಟು 1200. ಜನರೇಟರಿನಿಂದ ಹೊರಗೆ ಬರುವ ವೋಲ್ಟೇಜನ್ನು ಅಲ್ಲೇ ಟ್ರಾನ್ಸ್‌ಫಾರ್ಮರ್ ಇಟ್ಟು ಏರಿಸುತ್ತಾರೆ. 400 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟಿನ ಲೆಕ್ಕ) ಲೈನ್ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಹೋಗುತ್ತದೆ. 220 ಕೆವಿಯದ್ದು ಇಲ್ಲೇ ಕಾರ್ಕಳ ಕಡೆ ಕೇಮಾರು ಸ್ಟೇಷನ್ನಿಗೆ. ಅಷ್ಟು ಏರಿಸುವುದು ಯಾಕೆ ಅಂದರೆ, ಒಂದು ಲೆಕ್ಕ ನೋಡಿ. 600 ಮೆಗಾವ್ಯಾಟನ್ನು 400 ಕೆವಿಯಲ್ಲಿ ಕಳಿಸಿದರೆ ತಂತಿಯಲ್ಲಿ ಸುಮಾರು 870 ಆಂಪಿಯರ್ ಹರಿಯುತ್ತದೆ. ಅದನ್ನೇ ನಿಮ್ಮ ರಸ್ತೆ ಬದಿಯ 11 ಕೆವಿಯಲ್ಲಿ ಕಳಿಸುತ್ತೇನೆ ಅಂದರೆ 31 ಸಾವಿರ ಆಂಪಿಯರ್ ದಾಟುತ್ತದೆ. ತಂತಿ ಬಿಸಿಯಾಗಿ ಹೋಗುವ ನಷ್ಟ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಅದೇ ದಪ್ಪದ ತಂತಿಯಾದರೆ ನಷ್ಟ ಸಾವಿರದ ಮುನ್ನೂರು ಪಟ್ಟು ಜಾಸ್ತಿ. ನಷ್ಟದ ಮಾತು ಬಿಡಿ, ತಂತಿಯೇ ಕರಗಿ ಬೀಳುತ್ತದೆ.

ಆ ಲೈನಿಂದ ನೇರ ಕನೆಕ್ಷನ್ ಆಗುವುದಿಲ್ಲ. 400 ಕೆವಿಯನ್ನು ಇಳಿಸಬೇಕಾದರೆ ಎಕರೆಗಟ್ಟಲೆ ಜಾಗ, ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಬ್ರೇಕರ್ (ಲೈನ್ ಕಡಿಯುವ ದೊಡ್ಡ ಸ್ವಿಚ್), ರಿಲೇ (ಫಾಲ್ಟ್ ಗುರುತಿಸುವ ಸಾಧನ) ಎಲ್ಲ ಬೇಕು. ಒಂದು ಊರಿಗೋಸ್ಕರ ಅದನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು: 220ರಿಂದ 110, ಅಲ್ಲಿಂದ 33 ಅಥವಾ ನೇರ 11 ಕೆವಿ, ಕೊನೆಗೆ ನಿಮ್ಮ ಮನೆ ಹತ್ತಿರದ ಟಿಸಿಯಲ್ಲಿ (ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್) 230 ವೋಲ್ಟ್.

ಈಗ ಅಸಲು ವಿಷಯ. ನಿಮ್ಮ ಕರೆಂಟ್ ಹೋಗುವುದು ಬಹುತೇಕ ಈ ಕೊನೆಯ ಎರಡು ಮೆಟ್ಟಿಲಲ್ಲೇ. ಟವರ್ ಲೈನನ್ನು ತಲೆಯೆತ್ತಿ ಒಮ್ಮೆ ಸರಿಯಾಗಿ ನೋಡಿ. ಒಂದೊಂದು ತಂತಿ ನೇತಾಡುವ ಇನ್ಸುಲೇಟರ್ (ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವುದು) ಸರಪಳಿಯಲ್ಲಿ ಇಪ್ಪತ್ತಕ್ಕೂ ಮೇಲೆ ಬಿಲ್ಲೆಗಳು ಇರುತ್ತವೆ, ಇಲ್ಲವಾದರೆ ಆಳೆತ್ತರ ಮೀರುವ ಒಂದೇ ಉದ್ದ ಕೋಲು. ಎಲ್ಲಕ್ಕಿಂತ ಮೇಲೆ ಸಿಡಿಲು ಹಿಡಿಯಲಿಕ್ಕೆಂದೇ ಒಂದು ಅರ್ಥ್ ತಂತಿ. ಕೆಳಗೆ ಅಗಲಕ್ಕೆ ಮರ ಕಡಿದು ದಾರಿ ಮಾಡಿರುತ್ತಾರೆ. ಈಗ ನಿಮ್ಮ ಓಣಿಯ 11 ಕೆವಿ ಕಂಬ ನೋಡಿ. ತಂತಿಯ ಕೆಳಗೆ ಒಂದು ಪಿನ್ ಇನ್ಸುಲೇಟರ್, ಟೀ ಗ್ಲಾಸಿಗಿಂತ ಸ್ವಲ್ಪ ದೊಡ್ಡದು. ಎಡಕ್ಕೆ ತೆಂಗು, ಬಲಕ್ಕೆ ಹಲಸು, ಸ್ವಲ್ಪ ಮುಂದೆ ಅಕೇಶಿಯಾ. ಗಾಳಿಗೆ ಒಂದು ಒಣ ಮಡಲು ಎರಡು ತಂತಿಗೆ ಅಡ್ಡ ಬಿದ್ದರೆ ಮುಗಿಯಿತು.

"ಎರಡು ಸಲ ಹೋಗಿ ಬಂತು" ಅಂದಿರಲ್ಲ, ಅದೂ ಯಾರೋ ಸುಮ್ನೆ ಸ್ವಿಚ್ ಜೊತೆ ಆಟ ಆಡಿದ್ದಲ್ಲ. ಫಾಲ್ಟ್ ಆದ ಕೂಡಲೇ ಒಂದು ಸೆಕೆಂಡಿನೊಳಗೆ ರಿಲೇಗೆ ಗೊತ್ತಾಗಿ ಬ್ರೇಕರ್ ಬೀಳುತ್ತದೆ. ಗೆಲ್ಲು (ಮರದ ಕೊಂಬೆ) ತಾಗಿ ಬಿದ್ದುಹೋಗಿರಬಹುದು ಅಂತ ಸ್ವಲ್ಪ ಹೊತ್ತು ಬಿಟ್ಟು ಪುನಃ ಚಾರ್ಜ್ ಮಾಡಿ, ಅಂದರೆ ಕರೆಂಟ್ ಬಿಟ್ಟು, ನೋಡುತ್ತಾರೆ. ಕೆಲವು ಕಡೆ ಆಪರೇಟರ್ ಕೈಯಿಂದ, ಕೆಲವು ಕಡೆ ರೀಕ್ಲೋಸರ್ ತನ್ನಷ್ಟಕ್ಕೆ. ನಿಂತರೆ ಒಳ್ಳೆಯದು. ಪುನಃ ಬಿದ್ದರೆ ಗೆಲ್ಲು ಅಲ್ಲೇ ಕೂತಿದೆ, ಅಥವಾ ತಂತಿಯೇ ನೆಲಕ್ಕೆ ಬಿದ್ದಿದೆ ಅಂತ ಅರ್ಥ. ಆಮೇಲೆ ಕಣ್ಣುಮುಚ್ಚಿ ಹಾಕುವಂತಿಲ್ಲ, ಯಾರೋ ಆ ತಂತಿಯ ಹತ್ತಿರ ಇರಬಹುದು.

ಅಲ್ಲಿಂದ ಲೈನ್‌ಮ್ಯಾನ್ ಕೆಲಸ ಶುರು. ರಾತ್ರಿ, ಮಳೆ, ಕೈಯಲ್ಲಿ ಟಾರ್ಚ್. ಹತ್ತಾರು ಕಿಲೋಮೀಟರ್ ಫೀಡರ್ (ಸ್ಟೇಷನ್ನಿಂದ ಊರಿಗೆ ಬರುವ 11 ಕೆವಿ ಲೈನ್), ಕವಲುಗಳು ಬೇರೆ. ಮಧ್ಯದ ಜಿಒಎಸ್ (ಕಂಬದ ಮೇಲಿನ ಲೈನ್ ಸ್ವಿಚ್) ಬಿಡಿಸಿ ಅರ್ಧ ಲೈನ್ ಚಾರ್ಜ್ ಮಾಡಿಸುತ್ತಾರೆ. ನಿಂತಿತಾ? ಹಾಗಾದರೆ ಫಾಲ್ಟ್ ಇರುವುದು ಮುಂದಿನ ಅರ್ಧದಲ್ಲಿ. ಅದನ್ನು ಪುನಃ ಭಾಗ ಮಾಡುತ್ತಾರೆ. ಮರ ಬಿದ್ದದ್ದಾದರೆ ಕಣ್ಣಿಗೆ ಕಾಣುತ್ತದೆ. ಇನ್ಸುಲೇಟರ್ ಪಂಕ್ಚರ್ ಆದದ್ದಿದೆಯಲ್ಲ, ಅದು ದೊಡ್ಡ ತಲೆನೋವು. ಕೂದಲೆಳೆಯಷ್ಟು ಬಿರುಕು, ಕೆಳಗಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಒಂದೊಂದೇ ಕಂಬ ಹತ್ತಿ ನೋಡಬೇಕು, ಹತ್ತುವ ಮೊದಲು ಸ್ಟೇಷನ್‌ನಿಂದ ಲೈನ್ ಕ್ಲಿಯರ್ (ಲೈನ್ ಬಂದ್ ಇದೆ ಅನ್ನುವ ಒಪ್ಪಿಗೆ) ತಗೊಂಡು, ಎರಡೂ ಬದಿ ತಂತಿಯನ್ನು ನೆಲಕ್ಕೆ ಜೋಡಿಸಿ ಅರ್ಥ್ ಮಾಡಿ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಫೋನ್ ಮಾಡಿ ಬೈಯುವವರಿಗೆ ಇದು ಗೊತ್ತಿರುವುದಿಲ್ಲ.

ಮುದರಂಗಡಿಯವ:
ಅಣ್ಣ, ತುಂಬ ಥ್ಯಾಂಕ್ಸ್. ಬೈದವರಲ್ಲಿ ನಾನಿಲ್ಲ. ಮಾವ ಇದ್ದಾರೆ. ಜೋರು ಮಳೆ ಇಲ್ಲದಾಗ, ಏಪ್ರಿಲ್‌ನಲ್ಲಿ ಸುಮ್ಮನೆ ನಾಲ್ಕು ಹನಿ ಬಿದ್ದರೂ ಹೋಗುತ್ತದಲ್ಲ, ಅದು?

ಶಿಫ್ಟ್ ಆಪರೇಟರ್:
ಅದು ನಮ್ಮ ಕರಾವಳಿಯ ರೋಗ. ಬೇಸಗೆಯಿಡೀ ಕಡಲಿನ ಗಾಳಿಗೆ ಉಪ್ಪು, ರಸ್ತೆಯ ಕೆಂಪು ಧೂಳು ಎರಡೂ ಇನ್ಸುಲೇಟರ್ ಮೇಲೆ ಕೂರುತ್ತವೆ. ಒಣಗಿದ್ದಾಗ ತೊಂದರೆ ಇಲ್ಲ. ನಾಲ್ಕು ಹನಿ ಬಿದ್ದರೆ ಆ ಪದರ ಒದ್ದೆಯಾಗಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ತಂತಿಯಿಂದ ಕಂಬಕ್ಕೆ ಕಿಡಿ ಹಾರುತ್ತದೆ. ಜೋರು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ. ಹಾಗಾಗಿ ನಮಗೆ ಜುಲೈಯ ಧೋ ಮಳೆಗಿಂತ ಮೊದಲ ಹನಿಮಳೆಯೇ ಹೆದರಿಕೆ.

ದೊಡ್ಡ ಲೈನಿನ ಚರಚರ ಸದ್ದು ಬೇರೆ. ಅಷ್ಟು ವೋಲ್ಟೇಜಿಗೆ ತಂತಿಯ ಸುತ್ತಲಿನ ಗಾಳಿಯೇ ಸ್ವಲ್ಪ ಸ್ವಲ್ಪ ಸಿಡಿಯುತ್ತದೆ, ಅದಕ್ಕೆ ಕೊರೋನಾ ಅಂತಾರೆ (ಆ ಕೊರೋನಾ ಅಲ್ಲ). ತಂತಿಯಲ್ಲಿ ನೀರಿನ ಹನಿ ನೇತಾಡುವಾಗ ಜಾಸ್ತಿ. ಇದನ್ನು ಕಡಿಮೆ ಮಾಡಲಿಕ್ಕೇ ಒಂದೊಂದು ಫೇಸಿಗೆ ಎರಡೋ ನಾಲ್ಕೋ ತಂತಿ ಜೊತೆಯಾಗಿ ಎಳೆದಿರುತ್ತಾರೆ.

ಮಣಿಪಾಲ ಟು ಮಲ್ಪೆ:
ಮಾವನವರ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಇದು ನನ್ನ ಪಾಠದ ವಿಷಯ.

"ನಮ್ಮ ಕರೆಂಟ್", "ಬೆಂಗಳೂರಿನ ಕರೆಂಟ್" ಅಂತ ಬೇರೆ ಬೇರೆ ಇಲ್ಲ. ಸ್ಥಾವರದ ಜನರೇಟರ್ ಗ್ರಿಡ್ಡಿಗೆ (ಎಲ್ಲ ಸ್ಥಾವರ, ಲೈನು ಸೇರಿದ ಜಾಲ) ತಳ್ಳುತ್ತದೆ, ನೀವು ಗ್ರಿಡ್ಡಿಂದ ಎಳೆಯುತ್ತೀರಿ, ಅಷ್ಟೇ. ಯಾವ ತಂತಿಯಲ್ಲಿ ಎಷ್ಟು ಹರಿಯಬೇಕು ಅನ್ನುವುದನ್ನು ಆ ತಂತಿಗಳ ಉದ್ದ, ದಪ್ಪ, ಯಾರು ಎಲ್ಲಿ ಎಷ್ಟು ಬಳಸುತ್ತಿದ್ದಾರೆ ಅನ್ನುವುದು ತೀರ್ಮಾನ ಮಾಡುತ್ತದೆ. ಹತ್ತಿರ ಬಳಕೆ ಇದ್ದರೆ ಹತ್ತಿರಕ್ಕೇ ಜಾಸ್ತಿ ಹೋಗುತ್ತದೆ. ದುಡ್ಡಿನ ಲೆಕ್ಕ, ಯಾರು ಯಾರಿಂದ ಕೊಂಡರು ಅನ್ನುವ ಒಪ್ಪಂದ, ಅದು ಕಾಗದದ ಮೇಲೆ ಬೇರೆಯೇ ಇರುತ್ತದೆ. ಹೊಗೆಯ ಬಗ್ಗೆ ಮಾವ ಹೇಳಿದ್ದು ಮಾತ್ರ ಸರಿ, ಹೊಗೆ ಹಾಸನಕ್ಕೆ ಹೋಗುವುದಿಲ್ಲ. ಅದರ ನ್ಯಾಯ ಕೇಳುವುದು ತಪ್ಪಲ್ಲ, ಕರೆಂಟ್ ಹೋಗುವುದಕ್ಕೂ ಅದಕ್ಕೂ ಗಂಟು ಹಾಕಬಾರದು ಅಷ್ಟೆ.

ನನಗೆ ತುಂಬ ಇಷ್ಟದ ಭಾಗ ಇದು: ಗ್ರಿಡ್ಡಲ್ಲಿ ದಾಸ್ತಾನು ಅನ್ನುವುದು ಇಲ್ಲ ಅಂದರೂ ಸರಿ. ಈ ಕ್ಷಣ ದೇಶದಲ್ಲಿ ಎಷ್ಟು ಬಳಕೆ ಇದೆಯೋ ಅಷ್ಟೇ ಈ ಕ್ಷಣ ತಯಾರಾಗಬೇಕು. ಸರಿ ಇದೆಯೋ ಇಲ್ಲವೋ ಅಂತ ಹೇಳುವುದು ಫ್ರೀಕ್ವೆನ್ಸಿ. ನಮ್ಮದು 50 ಹರ್ಟ್ಸ್, ಅಂದರೆ ಕರೆಂಟ್ ಸೆಕೆಂಡಿಗೆ 50 ಸಲ ಅತ್ತಿತ್ತ ಆಗುತ್ತದೆ. ಎಲ್ಲೂರಿನಂಥ ಕಲ್ಲಿದ್ದಲು ಸ್ಥಾವರದ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುವುದು ಇದಕ್ಕೇ. ಬಳಕೆ ಜಾಸ್ತಿಯಾದರೆ ದೇಶದ ಎಲ್ಲ ಟರ್ಬೈನುಗಳೂ ಒಟ್ಟಿಗೇ ಒಂಚೂರು ನಿಧಾನವಾಗುತ್ತವೆ, ಕಡಿಮೆಯಾದರೆ ಒಂಚೂರು ವೇಗ. ಮಲ್ಪೆ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಹಗ್ಗ ಹಿಡಿದವರೆಲ್ಲ ಒಂದೇ ತಾಳದಲ್ಲಿ ಎಳೆಯಬೇಕು, ಒಬ್ಬ ಕೈಬಿಟ್ಟರೆ ಆ ಭಾರ ಉಳಿದವರ ಕೈಗೆ ಬರುತ್ತದೆ.

ಎಲ್ಲೂರಿನ ಒಂದು ಯುನಿಟ್ ದಿಢೀರ್ ನಿಂತಿತು ಅಂತ ಇಟ್ಟುಕೊಳ್ಳಿ. 600 ಮೆಗಾವ್ಯಾಟ್ ಮಾಯ. ಮೊದಲ ಕೆಲವು ಸೆಕೆಂಡು ಉಳಿದ ಜನರೇಟರುಗಳು ತಿರುಗುವ ಭಾರದಲ್ಲೇ ಅದನ್ನು ತಡೆದುಕೊಳ್ಳುತ್ತವೆ, ಆಮೇಲೆ ಅವುಗಳ ಗವರ್ನರ್ (ವೇಗ ನೋಡಿಕೊಳ್ಳುವ ಸಾಧನ) ಹೆಚ್ಚು ಉಗಿ, ಹೆಚ್ಚು ನೀರು ಬಿಡುತ್ತದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರಿನವರು ಶರಾವತಿಗೋ ನಮ್ಮ ಹೊಸಂಗಡಿಯ ವಾರಾಹಿಗೋ ಜಾಸ್ತಿ ಕೊಡಿ ಅಂತ ಹೇಳಬಹುದು. ವಾರಾಹಿಯಲ್ಲಿ 115 ಮೆಗಾವ್ಯಾಟಿನ ನಾಲ್ಕು ಯುನಿಟ್, ನೆಲದಡಿಯಲ್ಲಿದೆ. ನೀರಿನ ಯಂತ್ರ ಕೆಲವೇ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ, ಆರಿದ ಕಲ್ಲಿದ್ದಲು ಬಾಯ್ಲರಿಗೆ ಗಂಟೆಗಟ್ಟಲೆ ಬೇಕು. ಇಷ್ಟೆಲ್ಲ ನಡೆದದ್ದು ನಿಮ್ಮ ಮನೆಯ ಫ್ಯಾನಿಗೆ ಗೊತ್ತೇ ಆಗುವುದಿಲ್ಲ.

ಕೈತಪ್ಪಿದ್ದೂ ಉಂಟು. 2012ರ ಜುಲೈ 30ಕ್ಕೆ ಉತ್ತರದ ಗ್ರಿಡ್ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದು 60 ಕೋಟಿ ಜನರಿಗೆ ಕರೆಂಟ್ ಇಲ್ಲ. ಲೋಡ್ ತುಂಬಿದ್ದ ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆಯಿತು, ಅದರ ಭಾರ ಪಕ್ಕದ ಲೈನಿಗೆ, ಅದೂ ಬಿತ್ತು, ಹೀಗೆ ಸಾಲಾಗಿ. ದಕ್ಷಿಣಕ್ಕೆ ಏನೂ ಆಗಲಿಲ್ಲ. ಆಗ ನಮ್ಮ ಗ್ರಿಡ್ ಉಳಿದ ದೇಶದ ಜೊತೆ ತಾಳ ಹಾಕುತ್ತಿರಲಿಲ್ಲ, ತಾಲ್ಚೇರ್–ಕೋಲಾರದಂಥ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಅದಕ್ಕೆ ತಾಳ ಬೇಕಿಲ್ಲ) ಲೈನಿನ ಮೂಲಕ ಮಾತ್ರ ಕೊಡುಕೊಳ್ಳುವಿಕೆ ಇತ್ತು. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾರ್ಜ್ ಆದ ಮೇಲೆ ಇಡೀ ದೇಶ ಒಂದೇ ಗ್ರಿಡ್.

2020ರ ಏಪ್ರಿಲ್ 5 ನೆನಪಿದೆಯಾ, ರಾತ್ರಿ ಒಂಬತ್ತಕ್ಕೆ ಎಲ್ಲರೂ ಲೈಟ್ ಆರಿಸಿ ದೀಪ ಹಚ್ಚಿದ್ದು? ಸುಮಾರು 25 ನಿಮಿಷದಲ್ಲಿ ದೇಶದ ಬಳಕೆ ಸುಮಾರು 31,000 ಮೆಗಾವ್ಯಾಟ್ ಇಳಿಯಿತು, ಪುನಃ ಏರಿತು. ಜಲವಿದ್ಯುತ್ ಸ್ಥಾವರಗಳನ್ನು ಮೊದಲೇ ತಯಾರಾಗಿ ಇಟ್ಟು ಏರಿಸಿ ಇಳಿಸಿ ಗ್ರಿಡ್ ಉಳಿಸಿಕೊಂಡರು. ನಾವು ದೀಪ ಹಿಡಿದು ನಿಂತಾಗ ಕಂಟ್ರೋಲ್ ರೂಮಿನವರ ಎದೆ ಎಷ್ಟು ಹೊಡೆದುಕೊಂಡಿತ್ತೋ.

ಬೈಕಂಪಾಡಿ ವೈರಿಂಗ್:
ಸೋಲಾರ್ ಪ್ರಶ್ನೆಗೆ ಯಾರೂ ಬರಲಿಲ್ಲ ಅಲ್ವಾ. ನಿಮ್ಮದು ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಸೋಲಾರ್ ಕರೆಂಟನ್ನು ಲೈನಿಗೆ ಸೇರಿಸುವಂಥದ್ದು. ಅದು ಲೈನಿನ ವೋಲ್ಟೇಜ್, ಫ್ರೀಕ್ವೆನ್ಸಿ ನೋಡಿಕೊಂಡೇ ಕೆಲಸ ಮಾಡುತ್ತದೆ, ಲೈನ್ ಸತ್ತರೆ ತಾನೂ ಬಂದ್ ಆಗಬೇಕು ಅಂತ ನಿಯಮ. ಕಾರಣ ಮೇಲೆ ಹೇಳಿದ ಲೈನ್‌ಮ್ಯಾನ್. ಅವನು ಕರೆಂಟ್ ಇಲ್ಲ ಅಂತ ಕಂಬ ಹತ್ತಿರುತ್ತಾನೆ. ನಿಮ್ಮ ಸೋಲಾರ್ 230 ವೋಲ್ಟ್ ಹಿಂದಕ್ಕೆ ಬಿಟ್ಟರೆ ಅದೇ ಟಿಸಿ ಅದನ್ನು 11,000 ವೋಲ್ಟ್ ಮಾಡುತ್ತದೆ. ಟಿಸಿಗೆ ಎರಡೂ ದಿಕ್ಕು ಒಂದೇ.

ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಅದು ಲೈನಿಂದ ಪೂರ್ತಿ ಬೇರೆಯಾಗಿ ಮನೆಗೆ ಮಾತ್ರ ಕೊಡುತ್ತದೆ. ಮದುವೆ ಮನೆಗೆ ಬಾಡಿಗೆ ಜನರೇಟರ್ ತಂದು ಸೀದಾ ಸಾಕೆಟಿಗೆ ಸಿಕ್ಕಿಸುವವರು ಇದನ್ನು ಎರಡು ಸಲ ಓದಿ. ಚೇಂಜ್‌ಓವರ್ ಸ್ವಿಚ್ (ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಮನೆಗೆ ಜೋಡಿಸುವುದು) ಇಲ್ಲದೆ ಜನರೇಟರ್ ಮುಟ್ಟಬೇಡಿ.

ಕುಂದಾಪ್ರ ಕಡೆಯವ:
ಇಷ್ಟೆಲ್ಲ ಪುರಾಣ ಯಾಕೆ, ಎಲ್ಲ ಲೈನ್ ನೆಲದಡಿ ಹಾಕಿದರೆ ಆಯ್ತಲ್ಲ? ಮಂಗಳೂರಿನ ಕೆಲವು ರಸ್ತೆಯಲ್ಲಿ ಹಾಕಿದ್ದಾರೆ.

ಶಿಫ್ಟ್ ಆಪರೇಟರ್:
ಪೇಟೆಗೆ ಸರಿ. ಹಳ್ಳಿಗೆ ಖರ್ಚು ಕೆಲವು ಪಟ್ಟು ಆಗುತ್ತದೆ, ಮುರಕಲ್ಲು ಅಗೆಯಬೇಕು, ಜಾಯಿಂಟಿಗೆ ನೀರು ಇಳಿದರೆ ಎಲ್ಲಿ ಹೋಗಿದೆ ಅಂತ ಹುಡುಕಲಿಕ್ಕೆ ಮಷೀನ್ ಬರಬೇಕು. ರಸ್ತೆ ಅಗಲ ಮಾಡುವ ಜೇಸಿಬಿಯವರು ಕೇಬಲ್ ಕಡಿಯುವುದು ಬೇರೆ. ನನ್ನನ್ನು ಕೇಳಿದರೆ, ತೋಟದ ನಡುವೆ ಹೋಗುವ ಕಡೆ ಹೊದಿಕೆ ಇರುವ ತಂತಿ ಎಳೆಯಿರಿ, ಮೇ ತಿಂಗಳೊಳಗೆ ಗೆಲ್ಲು ಕಡಿಯಿರಿ. ಅರ್ಧಕ್ಕರ್ಧ ಟ್ರಿಪ್ಪಿಂಗ್ ಅಲ್ಲೇ ನಿಲ್ಲುತ್ತದೆ. ಆದರೆ ಗೆಲ್ಲು ಕಡಿಯಲಿಕ್ಕೆ ಬಂದವರನ್ನು "ನನ್ನ ಹಲಸಿನ ಮರ ಮುಟ್ಟಬೇಡ" ಅಂತ ಓಡಿಸುವವರೂ ನಾವೇ.

ಮುದರಂಗಡಿಯವ:
ಮಾವನಿಗೆ ಓದಿ ಹೇಳಿದೆ. ಹಲಸಿನ ವಿಷಯ ಬಂದಾಗ ಎದ್ದು ಹೋದರು. ಇನ್ನು ಮುಂದೆ ಕಂಪ್ಲೇಂಟ್ ಕೊಡುವಾಗ ಎಂತ ಹೇಳಬೇಕು? ನಮ್ಮ ಫೀಡರ್ ಹೆಸರು ಗೊತ್ತಿಲ್ಲ.

ಶಿಫ್ಟ್ ಆಪರೇಟರ್:
1912ಕ್ಕೆ ಫೋನ್ ಮಾಡಿ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹೇಳಿ, ಅದರಿಂದ ನಿಮ್ಮ ಟಿಸಿ, ಫೀಡರ್ ಸಿಗುತ್ತದೆ. ಅದಕ್ಕಿಂತ ಮೊದಲು ಹೊರಗೆ ಇಣುಕಿ, ಪಕ್ಕದ ಮನೆಯಲ್ಲಿ ಲೈಟ್ ಉಂಟಾ ನೋಡಿ. ಇದ್ದರೆ ನಿಮ್ಮ ಸರ್ವಿಸ್ ವಯರ್ ಅಥವಾ ಕಂಬದ ಫ್ಯೂಸ್. ನಿಮ್ಮ ಟಿಸಿಯಡಿಯ ಮನೆಗಳಿಗೆ ಮಾತ್ರ ಇಲ್ಲದಿದ್ದರೆ ಟಿಸಿ ಫ್ಯೂಸ್. ಇಡೀ ಊರಿಗೆ ಇಲ್ಲದಿದ್ದರೆ 11 ಕೆವಿ ಫಾಲ್ಟ್. ಇಷ್ಟು ಹೇಳಿದರೆ ಲೈನ್‌ಮ್ಯಾನ್ ಸೀದಾ ಆ ಜಾಗಕ್ಕೇ ಬರುತ್ತಾನೆ. ಎಲ್ಲಾದರೂ ಸದ್ದು ಕೇಳಿದ್ದರೆ, ಕಿಡಿ ಕಂಡಿದ್ದರೆ ಅದನ್ನೂ ಹೇಳಿ. ತಂತಿ ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಒದ್ದೆ ನೆಲದಲ್ಲಿ ಕರೆಂಟ್ ಸುತ್ತ ಹರಡಿರುತ್ತದೆ. ದನ ಕರುವನ್ನೂ ಆ ಕಡೆ ಬಿಡಬೇಡಿ.