1935ರ ಬೆಂಗಳೂರಲ್ಲಿ ದೊಡ್ಡಮನೆ ಸೊಸೆ ಒಬ್ಬಳೇ ಬದುಕಬಹುದಿತ್ತಾ?

ಗಾಂಧಿಬಜಾರ್ ಓದುಗಿ:
ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1935, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ದಿನಗಳು. ನಾಯಕಿ ಬಸವನಗುಡಿಯ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ. ಟೀ ಪಾರ್ಟಿ, ಸಂಗೀತ ಕಚೇರಿ, ದಸರೆಗೆ ಮೈಸೂರು, ಎಲ್ಲಾ ಕಡೆ ಮುಂದಿನ ಸಾಲಲ್ಲೇ ಕುರ್ಚಿ. ಆದರೆ ತನ್ನದು ಅಂತ ಕೈಯಲ್ಲಿ ಒಂದು ಕಾಸೂ ಇಲ್ಲ. ಗಂಡ ಇನ್ನೊಂದು ಮದುವೆ ಮಾಡಿಕೊಂಡಾಗ ಇವಳು ಬೇರೆ ಮನೆ ಹಿಡಿಯುತ್ತಾಳೆ. ನಮ್ಮಲ್ಲಿ ಆಗ ವಿಚ್ಛೇದನ ಇರಲಿಲ್ಲ, ಗೊತ್ತು. ಹಾಗಾದರೆ ಬಾಡಿಗೆಗೆ ದುಡ್ಡು ಎಲ್ಲಿಂದ? ತವರಿನವರು ಬಂದು ಕಾಪಾಡಿದರು ಅಂತ ಬರೆಯೋಕೆ ನನಗೆ ಸುತರಾಂ ಮನಸ್ಸಿಲ್ಲ. ಅವಳು ತನ್ನ ಕಾಲ ಮೇಲೆ ನಿಲ್ಲಬೇಕು.

ಹಳೇ ವಕೀಲ:
ಮೇಡಂ, ನಿಮ್ಮ ನಾಯಕಿಗೆ ದಾರಿ ಇದೆ. 1933ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂತು. ಗಂಡ ಇನ್ನೊಂದು ಮದುವೆಯಾದರೆ ಬೇರೆ ಮನೆಯಲ್ಲಿದ್ದುಕೊಂಡೇ ಜೀವನಾಂಶ ಕೇಳಬಹುದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಕಾಯ್ದೆ ಬಂದದ್ದು 1946ರಲ್ಲಿ. ಅದಕ್ಕೇ ಹೇಳುವುದು, ಮೊದಲು ಮನೆ ವಿಳಾಸ ಗಟ್ಟಿ ಮಾಡಿಕೊಳ್ಳಿ. ಬೆಂಗಳೂರಿನ ದಂಡು ಪ್ರದೇಶ, ಅಂದರೆ ಕಂಟೋನ್ಮೆಂಟ್, 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ಮೈಸೂರಿನ ಕಾಯ್ದೆಗಳು ತಾವಾಗಿ ಅಲ್ಲಿಗೆ ಅನ್ವಯವಾಗುತ್ತಿರಲಿಲ್ಲ. ಅವಳ ಬಾಡಿಗೆ ಮನೆ ಚಾಮರಾಜಪೇಟೆಯಲ್ಲೋ ಮಲ್ಲೇಶ್ವರದಲ್ಲೋ ಇರಲಿ. ಫ್ರೇಜರ್ ಟೌನ್ ಬೇಡ, ಅದು ದಂಡಿನೊಳಗಿತ್ತು.

ನಗರ್ತಪೇಟೆ ಹುಡುಗ:
ಕೇಸು ಮುಗಿಯೋ ತನಕ ಊಟಕ್ಕೆ ಏನು ಮಾಡ್ತಾಳೆ? ಒಡವೆ ಇರುತ್ತಲ್ವಾ. ತವರಲ್ಲಿ ಕೊಟ್ಟದ್ದು ಸ್ತ್ರೀಧನ, ಅದು ಅವಳದೇ. ನಮ್ಮ ಮನೆಯಲ್ಲಿ ಚಿನ್ನದ ಕೆಲಸ ಇತ್ತು, ಅದಕ್ಕೇ ಒಂದು ಮಾತು. ವಂಕಿ ಕೈಗೆ ಭಾರ ಅನ್ನಿಸಿದರೂ ಕೆಲವು ಒಳಗೆ ಪೊಳ್ಳು, ಅರಗು ತುಂಬಿರುತ್ತೆ. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ, ಅರಗಿನ ತೂಕ ಕಳೆದು, ಕೆಂಪುಗಳನ್ನು ಬಿಡಿಸಿ ಬೇರೆ ಇಡ್ತಾನೆ. ಅವಳು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ ಕೈಗೆ ಬರುತ್ತೆ. ಆ ದೃಶ್ಯ ದಯವಿಟ್ಟು ಬರೆಯಿರಿ. ಆಗ ಅವಳ ಎದೆ ಎಷ್ಟು ಕುಸಿದಿರಬೇಡ!

ಪುಸ್ತಕದ ಹುಳು:
ಕೆಲಸಕ್ಕೂ ಹಾಕಿ ಅವಳನ್ನ. ಬಾಲವಿಧವೆಯಾಗಿದ್ದ ಆರ್. ಕಲ್ಯಾಣಮ್ಮನವರು ಇದೇ ಊರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು. ಅಂಥ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು ಅಂತ ಬರೆದರೆ ಯಾರೂ ಸುಳ್ಳು ಅನ್ನಲ್ಲ.

ಗಾಂಧಿಬಜಾರ್ ಓದುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅರಗಿನ ವಿಷಯ ಓದಿ ಹೊಟ್ಟೆ ಚುರ್ ಅಂತು, ಒಂದು ಅಧ್ಯಾಯ ಅದಕ್ಕೇ ಇಡ್ತೀನಿ. ವಕೀಲರೇ, ಇನ್ನೊಂದು ಅನುಮಾನ. ಜೀವನಾಂಶ ತಪ್ಪಿಸೋಕೆ ಗಂಡ ತನ್ನ ದುಡ್ಡನ್ನೆಲ್ಲ ದಂಡಿನ ಕಡೆ ಬಂಗಲೆಗೆ ಹಾಕಿಬಿಟ್ಟರೆ, ಮೈಸೂರಿನ ಕೋರ್ಟು ಇವಳಿಗೆ ಕೊಟ್ಟ ಡಿಕ್ರಿ ಅಲ್ಲಿ ನಡೆಯುತ್ತಾ?