ಸಹಾಯ ಬೇಕು: ತಗ್ಗಿಸಿದ ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ವೀಲ್ ಕೂರುತ್ತದಾ?

ಪುಣೆಯ ಕನ್ನಡಿಗರಿಗೆಲ್ಲ ನಮಸ್ಕಾರ. ನನ್ನದು 2018ರ ಸ್ವಿಫ್ಟ್, ಟೈರ್ 185/65 ಆರ್ 15 (15 ಇಂಚಿನ ರಿಮ್). ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು ಸುಮಾರು 30 ಮಿ.ಮೀ. ಇಳಿಸಿದ್ದೇನೆ. ಈಗ 16 ಇಂಚಿನ ಅಲಾಯ್ ಹಾಕಿಸಬೇಕು ಅಂತ ತುಂಬಾ ಆಸೆ.

ಟೈರ್ ಲೆಕ್ಕ ಹಾಕಿದ್ದೇನೆ. 195/55 ಆರ್ 16 ಆದರೆ ಒಟ್ಟು ವ್ಯಾಸ ಸುಮಾರು 621 ಮಿ.ಮೀ., ಈಗಿನಷ್ಟೇ. ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವ ಚಿಂತೆ ಇಲ್ಲ. ಚಿಂತೆ ಇರುವುದು ಆಫ್‌ಸೆಟ್‌ನದ್ದು, ಅಂದರೆ ರಿಮ್ ಅಗಲದ ನಡು ಗೆರೆಯಿಂದ ವೀಲ್ ಹಬ್‌ಗೆ (ಗಾಡಿಯಲ್ಲಿ ವೀಲ್ ಬಿಗಿಯುವ ಭಾಗ) ಕೂರುವ ಮುಖಕ್ಕೆ ಇರುವ ಅಂತರ. ಹಡಪ್ಸರ್ ಕಡೆಯ ಅಂಗಡಿಯವರು 7 ಇಂಚು ಅಗಲದ, ಇಟಿ 35 (ಅಂದರೆ ಆಫ್‌ಸೆಟ್ 35 ಮಿ.ಮೀ.) ವೀಲ್ ತೋರಿಸಿ ಆರಾಮಾಗಿ ಕೂರುತ್ತದೆ ಅನ್ನುತ್ತಾರೆ. ಆಫ್‌ಸೆಟ್ ಕಮ್ಮಿಯಾದಷ್ಟೂ ವೀಲ್ ಹೊರಗೆ ಬರುತ್ತದೆ ಅಲ್ವಾ? ಒಬ್ಬನೇ ಓಡಿಸುವಾಗ ಏನೂ ಗೊತ್ತಾಗಲಿಕ್ಕಿಲ್ಲ. ಹಿಂದೆ ಮೂವರು ಕೂತು, ಡಿಕ್ಕಿ ತುಂಬಿಸಿ ಹುಬ್ಬಳ್ಳಿಗೆ ಹೊರಟಾಗ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚು ಟೈರನ್ನು ಕೊಯ್ದರೆ? ಮನೆಯವರನ್ನು ಕೂರಿಸಿಕೊಂಡು ಆ ಅಪಾಯ ನನಗೆ ಬೇಡ. ಸ್ವಲ್ಪ ಜಾಸ್ತಿ ಆಫ್‌ಸೆಟ್, ಆರೂವರೆ ಇಂಚು ಅಗಲ ಸಾಕು ಅಂತ ನನಗನಿಸುತ್ತದೆ. ಹಾಕಿಸಿದವರು ದಯವಿಟ್ಟು ಹೇಳಿ.

ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಎತ್ತರ ಕೂಡ 120ರಿಂದ 107 ಮಿ.ಮೀ.ಗೆ ಇಳಿಯುತ್ತದೆ. ಮಳೆಗಾಲದಲ್ಲಿ ಕಾತ್ರಜ್-ಕೊಂಢ್ವಾ ರಸ್ತೆಯ ಗುಂಡಿಗಳಿಗೆ ರಿಮ್ ತಡೆಯುತ್ತದಾ?

ಇನ್ನೊಂದು, 54.1 ಮಿ.ಮೀ. ಹಬ್ ರಿಂಗ್ (ವೀಲ್‌ನ ನಡುವಿನ ತೂತಿಗೂ ಹಬ್‌ಗೂ ಇರುವ ಸಂದು ತುಂಬುವ ಉಂಗುರ) ನಾನಾ ಪೇಠೆಯಲ್ಲಿ ಸಿಗುತ್ತದಾ? ಪಿಸಿಡಿ 4×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್ ತೂತು) ಸರಿಹೊಂದಿದರೂ ನಡುವಿನ ತೂತು ದೊಡ್ಡದಾದರೆ ಸ್ಟಿಯರಿಂಗ್ ನಡುಗಬಹುದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಗಾಡಿ ತುಂಬಿಸಿ ತೆಗೆದ ಫೋಟೊ ಇದ್ದರೆ ಹಾಕಿ, ತುಂಬಾ ಉಪಕಾರ ಆಗುತ್ತದೆ.